ರಟ್ಟಿನ ಮೇಲಿನ ಬಿಳಿ ಗೆರೆ

ವಿಜಯಪುರ, ಬಾಗಲಕೋಟೆ ಕಡೆ ಹೊಲದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಸುಟ್ಟರೆ ‘ಎಣ್ಣಿ ಕೆಟ್ಟಿತ್ತು’ ಅನ್ನುವುದು ರೂಢಿ. ಸಬ್‌ಸ್ಟೇಷನ್‌ಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಕತೆ ಅಷ್ಟು ಸರಳವಲ್ಲ. ಅಲ್ಲಿ ಎಣ್ಣೆ ಪರೀಕ್ಷೆಯಲ್ಲಿ ಪಾಸಾದ ಮೇಲೂ ಒಳಗಿನ ರಟ್ಟು ಕೈಕೊಡುವುದುಂಟು. ಕಿಡಿ ರಟ್ಟನ್ನು ತೂತು ಮಾಡದೆ ಅದರ ಮೈಮೇಲೆ ತೆವಳುತ್ತದೆ.

ಪ್ರೆಸ್‌ಬೋರ್ಡ್ ಎಂಬ ಈ ರಟ್ಟು ಮರದ ನಾರನ್ನು ಒತ್ತಿ ಮಾಡಿದ್ದು. ಸುರುಳಿಗಳ ನಡುವೆ ಅಡ್ಡಗೋಡೆಯಂತೆ ನಿಲ್ಲುತ್ತದೆ. ಎಣ್ಣೆಯ ಪರಾವೈದ್ಯುತ ಸ್ಥಿರಾಂಕ ಸುಮಾರು 2.2, ಎಣ್ಣೆ ಕುಡಿದ ರಟ್ಟಿನದು ಸುಮಾರು 4.4; ಈ ಅಂಕಿ ಕಡಿಮೆಯಿದ್ದ ಕಡೆ ವಿದ್ಯುತ್ತಿನ ಒತ್ತಡ ಹೆಚ್ಚು ಬೀಳುತ್ತದೆ. ಹೀಗಾಗಿ ಇವೆರಡೂ ಒಂದರ ಹಿಂದೊಂದು ನಿಂತ ಕಡೆ ವಿದ್ಯುತ್ ಕ್ಷೇತ್ರ ರಟ್ಟಿಗಿಂತ ಎಣ್ಣೆಯಲ್ಲಿ ಇಮ್ಮಡಿ. ಲೋಹ, ಎಣ್ಣೆ, ರಟ್ಟು ಮೂರೂ ಕೂಡುವ ಕಿರಿದಾದ ಸಂದಿನಲ್ಲಿ ಇನ್ನೂ ಜಾಸ್ತಿ. ಕಿಡಿ ಹುಟ್ಟುವುದು ಸಾಮಾನ್ಯವಾಗಿ ಅಲ್ಲಿಯೇ.

ಮೊದಲು ಕಾಣುವುದು ಕಪ್ಪು ಅಲ್ಲ, ಬಿಳಿ. ಕಿಡಿಯ ಶಾಖಕ್ಕೆ ರಟ್ಟಿನ ಸೂಕ್ಷ್ಮ ರಂಧ್ರಗಳಲ್ಲಿದ್ದ ತೇವ, ಎಣ್ಣೆ ಆವಿಯಾಗಿ ಆ ಜಾಗ ಒಣಗುತ್ತದೆ. ಕಂದು ರಟ್ಟಿನ ಮೇಲೆ ಎಲೆಯ ನರದಂತೆ ಕವಲೊಡೆದ ಬಿಳಿ ಗೆರೆ ಮೂಡುತ್ತದೆ. ಒಣಗಿದ ರಂಧ್ರದಲ್ಲಿ ಈಗ ಅನಿಲ. ಅದು ಎಣ್ಣೆಗಿಂತ ಬೇಗ ಸೀಳುತ್ತದೆ, ಕಿಡಿಗೆ ಮುಂದಿನ ಹೆಜ್ಜೆ ಸಲೀಸು. ಕೆಲವೊಮ್ಮೆ ನಿಮಿಷಗಳಲ್ಲಿ, ಕೆಲವೊಮ್ಮೆ ತಿಂಗಳುಗಟ್ಟಲೆ ಇದು ಬೆಳೆಯುತ್ತದೆ. ಕೊನೆಗೆ ನಾರು ಸುಟ್ಟು ಇಂಗಾಲವಾದರೆ ಆ ಕಪ್ಪು ಗೆರೆಯೇ ಕರೆಂಟು ಹರಿಯುವ ತಂತಿ.

ಇದಕ್ಕೆ ದಾರಿ ಮಾಡಿಕೊಡುವುದು ತೇವ. ಟ್ರಾನ್ಸ್‌ಫಾರ್ಮರಿನೊಳಗಿನ ನೀರಿನಲ್ಲಿ ಬಹುಪಾಲು ಇರುವುದು ಎಣ್ಣೆಯಲ್ಲಲ್ಲ, ಕಾಗದ ಮತ್ತು ರಟ್ಟಿನಲ್ಲಿ. ಲೋಡ್ ಬಂದು ಬಿಸಿಯಾದಾಗ ನೀರು ಎಣ್ಣೆಗೆ ಇಳಿಯುತ್ತದೆ. ತಣಿದಾಗ ಎಣ್ಣೆ ಅದನ್ನು ಹಿಡಿದಿಡಲಾರದೆ ನಿಧಾನವಾಗಿ ರಟ್ಟಿಗೆ ಮರಳಿಸುತ್ತದೆ, ಮೊದಲು ಮೈಗೆ. ಪಂಪ್‌ಸೆಟ್ ಲೈನಿಗೆ ಕೆಲವು ತಾಸು ತ್ರೀಫೇಸ್ ಕೊಟ್ಟು ತೆಗೆಯುವ ನಮ್ಮ ಕಡೆ ಈ ಬಿಸಿ-ತಂಪಿನ ಆಟ ದಿನವೂ ನಡೆಯುತ್ತದೆ. ತಣಿಯುವಾಗ ಟ್ರಾನ್ಸ್‌ಫಾರ್ಮರು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಆ ಗಾಳಿಯ ತೇವ ಹೀರುವ ಬ್ರೀದರಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೂ ಬದಲಿಸದೆ ಬಿಟ್ಟರೆ ಏನಾದೀತು, ಊಹಿಸಿ.

ತಣ್ಣನೆಯ ಎಣ್ಣೆಯ ಸ್ಯಾಂಪಲ್ ಹಾಗಾಗಿ ಮೋಸ ಮಾಡುತ್ತದೆ. ಬಿಡಿವಿ (ಎಣ್ಣೆ ಎಷ್ಟು ವೋಲ್ಟೇಜಿಗೆ ಸೀಳುತ್ತದೆಂದು ನೋಡುವ) ಪರೀಕ್ಷೆಯಲ್ಲಿ ಎರಡು ಲೋಹದ ತುದಿಗಳ ನಡುವೆ 2.5 ಮಿ.ಮೀ. ಅಂತರದಲ್ಲಿ ಆರು ಸಲ ವೋಲ್ಟೇಜ್ ಏರಿಸಿ ಸರಾಸರಿ ತೆಗೆಯುತ್ತಾರೆ. ಅದು ಎಣ್ಣೆಯ ಬಲ ಹೇಳುತ್ತದೆ, ರಟ್ಟಿನದನ್ನಲ್ಲ. ಲೋಡಿನಲ್ಲಿ ಬಿಸಿಯಿರುವಾಗಲೇ, ಕೆಳಗಿನ ವಾಲ್ವಿನಿಂದ ಮೊದಲಷ್ಟು ಎಣ್ಣೆ ಹರಿಸಿ ಬಿಟ್ಟು, ಒಣಗಿದ ಬಾಟಲಿಯಲ್ಲಿ ಸ್ಯಾಂಪಲ್ ಹಿಡಿಯಬೇಕು. ಜೊತೆಗೆ ಎಣ್ಣೆಯಲ್ಲಿ ಕರಗಿದ ಅನಿಲವನ್ನೂ ಅಳೆಯಿಸಬೇಕು. ಸಣ್ಣ ಕಿಡಿಗೆ ಹೈಡ್ರೋಜನ್ ಏರುತ್ತದೆ, ರಟ್ಟು ಬೇಯತೊಡಗಿದರೆ ಕಾರ್ಬನ್ ಮಾನಾಕ್ಸೈಡ್, ಅಸಿಟಿಲೀನ್ ಕಂಡರೆ ಆರ್ಕ್, ಅಂದರೆ ಜೋರು ಕಿಡಿ, ಬಿದ್ದಿರಬಹುದು. ಫಿಲ್ಟರ್ ಯಂತ್ರ ಎಣ್ಣೆಯ ತೇವ ತೆಗೆದೀತು. ರಟ್ಟಿಗೆ ಅಂಟಿದ ಕಪ್ಪು ಗೆರೆಯನ್ನಲ್ಲ. ಅದು ಕಂಡರೆ ಟ್ಯಾಂಕಿನಿಂದ ಸುರುಳಿ ಎತ್ತಿ ರಟ್ಟನ್ನೇ ಬದಲಿಸಬೇಕು.