ಎಕ್ಸ್‌ರೇ ಸರಿಯಿದೆ, ಆದರೂ ಇಳಿಜಾರಿನಲ್ಲಿ ಮಂಡಿ ಏಕೆ ನೋಯುತ್ತದೆ?

ಪ್ರಶ್ನೆ: ನನಗೆ 46 ವರ್ಷ. ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮೂರು ವಾರಗಳ ಹಿಂದೆ ಮಳೆಯಲ್ಲಿ ಇಳಿಜಾರು ಇಳಿಯುವಾಗ ಜಾರಿ ಬಲ ಮಂಡಿ ತಿರುಚಿತು. ಮರುದಿನ ಬೆಳಿಗ್ಗೆ ಸ್ವಲ್ಪ ಊದಿತ್ತು. ಎಕ್ಸ್‌ರೇ ಸರಿಯಿದೆ ಎಂದರು. ಅಂದಿನಿಂದ ಹೆಚ್ಚಾಗಿ ಮಲಗಿಯೇ ಇದ್ದೇನೆ. ಸಮತಟ್ಟಾದ ಜಾಗದಲ್ಲಿ ತೊಂದರೆಯಿಲ್ಲ, ಇಳಿಯುವಾಗ ಮಾತ್ರ ನೋವು. ಒಮ್ಮೊಮ್ಮೆ ಮಂಡಿ ಕೈಕೊಟ್ಟಂತೆ ಆಗುತ್ತದೆ. ಎಂಆರ್‌ಐ ಮಾಡಿಸಬೇಕೇ, ಉಳುಕು ತೆಗೆಸಬೇಕೇ? ದೀಪಾವಳಿಗೆ ಇನ್ನೂ ಎರಡು ತಿಂಗಳಿದೆ. ದೇವೀರಮ್ಮನ ಬೆಟ್ಟ ಹತ್ತಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಬಿದ್ದದ್ದಲ್ಲ, ಮೂರು ವಾರ ಮಲಗಿದ್ದು.

ಮೊದಲು ಎಕ್ಸ್‌ರೇ ವಿಚಾರ. ಅದರಲ್ಲಿ ಕಾಣುವುದು ಮೂಳೆ. ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ), ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ), ಸ್ನಾಯು ಇವುಗಳ ಗಾಯ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ‘ಎಕ್ಸ್‌ರೇ ಸರಿಯಿದೆ’ ಎಂದರೆ ಮೂಳೆ ಮುರಿದಂತಿಲ್ಲ ಎಂದಷ್ಟೇ ಅರ್ಥ. ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಒಳ್ಳೆಯ ಸುಳಿವಿದೆ: ಊತ ಬಂದದ್ದು ಮರುದಿನ ಬೆಳಿಗ್ಗೆ. ಬಿದ್ದ ಒಂದೆರಡು ಗಂಟೆಯೊಳಗೇ ಮಂಡಿ ಗಟ್ಟಿಯಾಗಿ ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು; ಅದು ಮುಖ್ಯ ಲಿಗಮೆಂಟ್ ಹರಿದದ್ದರ ಅಥವಾ ಮೂಳೆ ಬಿರಿದದ್ದರ ಲಕ್ಷಣ. ರಾತ್ರಿ ಕಳೆದು ನಿಧಾನವಾಗಿ ಬರುವ ಸಣ್ಣ ಊತ ಸಾಮಾನ್ಯವಾಗಿ ಅಷ್ಟು ಗಂಭೀರವಲ್ಲ.

ಹಾಗಾದರೆ ಇಳಿಯುವಾಗಲೇ ಏಕೆ ನೋವು? ಹತ್ತುವಾಗ ತೊಡೆಯ ಸ್ನಾಯು ನಮ್ಮನ್ನು ಮೇಲಕ್ಕೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಇಡೀ ದೇಹದ ಭಾರವನ್ನು ತಡೆದು ನಿಲ್ಲಿಸಬೇಕು, ಇಳಿಜಾರಿನಲ್ಲಿ ಜೀಪಿನ ಬ್ರೇಕಿನ ಹಾಗೆ. ಆಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕದ ಹಲವು ಪಟ್ಟು. ಮಂಡಿಯಲ್ಲಿ ನೀರು ತುಂಬಿಕೊಂಡಾಗ ದೇಹ ಒಂದು ವಿಚಿತ್ರ ಕೆಲಸ ಮಾಡುತ್ತದೆ: ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ಕಡಿತಗೊಳಿಸುತ್ತದೆ. ನೋವಿಲ್ಲದಿದ್ದರೂ ಇದು ನಡೆಯುತ್ತದೆ. ಅದರ ಮೇಲೆ ಮೂರು ವಾರದ ವಿಶ್ರಾಂತಿ ಬೇರೆ; ಸ್ನಾಯು ಇನ್ನಷ್ಟು ಸೊರಗಿರುತ್ತದೆ.

ಈಗಲೇ ನೋಡಿಕೊಳ್ಳಿ. ಎರಡೂ ಕಾಲು ಚಾಚಿ ಕುಳಿತು, ಮಂಡಿಗಳನ್ನು ಹಾಸಿಗೆಗೆ ಬಲವಾಗಿ ಒತ್ತಿ. ಮಂಡಿಚಿಪ್ಪಿಗಿಂತ ತುಸು ಮೇಲೆ, ಒಳಬದಿಯಲ್ಲಿ, ಎಡಗಾಲಿನಲ್ಲಿ ಮಾಂಸ ಉಬ್ಬಿ ಗಟ್ಟಿಯಾಗುತ್ತದೆ. ಬಲಗಾಲಿನಲ್ಲಿ ಅದೇ ಜಾಗ ಬೆರಳಿಗೆ ಮೆತ್ತಗೆ ಸಿಕ್ಕಿದರೆ ನಿಮ್ಮ ಮಂಡಿ ಏಕೆ ಕೈಕೊಡುತ್ತಿದೆ ಎಂಬುದಕ್ಕೆ ಬಹುಪಾಲು ಉತ್ತರ ಅಲ್ಲೇ ಇದೆ.

ಪೂರ್ಣ ವಿಶ್ರಾಂತಿ ಮತ್ತು ಐಸ್ ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ದಶಕಗಳ ನಂತರ ಅವರೇ, ಇವೆರಡೂ ಗುಣವಾಗುವುದನ್ನು ತಡ ಮಾಡಬಹುದು ಎಂದು ಮಾತು ಬದಲಿಸಿದರು. ನಮ್ಮಲ್ಲಿ ಮಾತ್ರ ‘ಕಾಲು ಅಲ್ಲಾಡಿಸಬೇಡ’ ಎಂಬ ಬುದ್ಧಿಮಾತು ಮನೆಗೆ ಬಂದವರೆಲ್ಲರಿಂದ ಪುಕ್ಕಟೆಯಾಗಿ ಸಿಗುತ್ತದೆ. ಮೊದಲ ಎರಡು ಮೂರು ದಿನ ಐಸ್, ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ನೋವಿಗೆ ಹಿತ. ಅದಾದ ಮೇಲೆ ಕಾಲಿಗೆ ಬೇಕಾದದ್ದು ಅಳತೆಯ ಕೆಲಸ.

ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅದು ಸಲೀಸಾದ ಮೇಲೆ ಕೈ ಊರದೆ ಕುರ್ಚಿಯಿಂದ ಏಳುವುದು, ನಿಧಾನವಾಗಿ ಕೂರುವುದು. ಆಮೇಲೆ ಜಗಲಿಯ ಗಿಡ್ಡ ಮೆಟ್ಟಿಲ ಮೇಲೆ ಬಲಗಾಲಿನಲ್ಲಿ ನಿಂತು, ಎಡಗಾಲಿನ ಹಿಮ್ಮಡಿ ನೆಲ ಮುಟ್ಟುವಷ್ಟು ಇಳಿದು ಮತ್ತೆ ಮೇಲೇಳುವುದು. ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ ಹಿಂದಿನ ದಿನ ಜಾಸ್ತಿಯಾಯಿತು ಎಂದು ತಿಳಿದು ಅರ್ಧಕ್ಕೆ ಇಳಿಸಿ. ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿಕೊಂಡು ತೋಟ ಸುತ್ತುವುದು ಬೇಡ. ಹೊಟ್ಟೆಹುಣ್ಣು, ಬಿಪಿ, ಮೂತ್ರಪಿಂಡದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಎಂಆರ್‌ಐ ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದವರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ 61ರಷ್ಟು ಜನರಿಗೆ ಹಿಂದಿನ ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ನಿಮ್ಮ ವಯಸ್ಸಿನಲ್ಲೂ ವರದಿಯಲ್ಲಿ ಏನಾದರೊಂದು ಕಾಣಬಹುದು. ನೋವಿಗೆ ಅದೇ ಕಾರಣ ಎನ್ನಲಾಗದು.

ಉಳುಕು ತೆಗೆಯುವವರ ವಿಷಯಕ್ಕೆ ಬಂದರೆ, ಎಣ್ಣೆ ಹಚ್ಚಿ ಮೃದುವಾಗಿ ನೀವಿದರೆ ಆಕ್ಷೇಪವಿಲ್ಲ. ಎಳೆಯುವುದು, ತಿರುಚುವುದು ಬೇಡ. ಹರಿದ ಮೆನಿಸ್ಕಸ್ ತುಂಡು ಕೀಲಿನ ನಡುವೆ ಸಿಕ್ಕಿಕೊಂಡಿದ್ದರೆ ‘ಲಟಕ್’ ಎನ್ನಿಸುವ ಆ ಎಳೆತ ಗಾಯವನ್ನು ದೊಡ್ಡದು ಮಾಡುತ್ತದೆ. ಬಹಳ ದಿನ ಮಲಗಿದ್ದವರ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೇಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಮಂಡಿ ಅರ್ಧಕ್ಕೇ ಸಿಕ್ಕಿಕೊಂಡು ನೇರವಾಗದಿದ್ದರೆ, ನೆಟ್ಟಗೆ ನಡೆಯುವಾಗ ಅಲ್ಲ, ಗಕ್ಕನೆ ತಿರುಗುವಾಗ ಜಾರಿಹೋದಂತಾದರೆ, ಮೂಳೆತಜ್ಞರು ಕೈಯಿಂದ ಪರೀಕ್ಷಿಸಬೇಕು. ಎಂಆರ್‌ಐ ಬೇಕೇ ಎಂದು ಅವರು ಹೇಳಲಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೂ ಹಾಗೆಯೇ. ಮಂಡಿ ಕೆಂಪಗೆ, ಬಿಸಿಯಾಗಿ ಜ್ವರವೂ ಬಂದರೆ ಬೆಳಗಾಗುವವರೆಗೆ ಕಾಯಬಾರದು. ಕೀಲಿನೊಳಗಿನ ಸೋಂಕು ದಿನಗಳಲ್ಲೇ ಕೀಲನ್ನು ಹಾಳುಮಾಡುತ್ತದೆ. ಇವು ಯಾವುವೂ ಇಲ್ಲದಿದ್ದರೂ, ಆರು ವಾರ ಬಿಡದೆ ವ್ಯಾಯಾಮ ಮಾಡಿ ಏನೂ ಸುಧಾರಿಸದಿದ್ದರೆ ಒಮ್ಮೆ ತೋರಿಸಿ.

ಇನ್ನು ದೇವೀರಮ್ಮನ ಬೆಟ್ಟ. ಹತ್ತುವುದಕ್ಕಿಂತ ಇಳಿಯುವುದೇ ನಿಮಗೆ ಪರೀಕ್ಷೆ; ಕಡಿದು ದಾರಿ, ಮಳೆ ಬಿದ್ದಿದ್ದರೆ ಕೆಸರು, ಹಿಂದೆ ಮುಂದೆ ಜನ. ಹಬ್ಬಕ್ಕೆ ಒಂದು ವಾರ ಮುಂಚೆ ಜಗಲಿಯ ಮೆಟ್ಟಿಲಿನ ವ್ಯಾಯಾಮವನ್ನು ಬಲಗಾಲಿನಲ್ಲಿ ಹತ್ತು ಸಲ, ಕಾಲು ನಡುಗದೆ, ಮಂಡಿ ಒಳಕ್ಕೆ ವಾಲದೆ ಮಾಡಲಾದರೆ, ನಿಮ್ಮ ತೋಟದ ಇಳಿಜಾರನ್ನು ಒಂದು ಗಂಟೆ ಹತ್ತಿ ಇಳಿದು ಮರುದಿನ ಊತ ಬಾರದಿದ್ದರೆ, ಕೋಲು ಹಿಡಿದು ಹೊರಡಿ. ಇಲ್ಲದಿದ್ದರೆ ಈ ವರ್ಷ ಬೆಟ್ಟದ ಕೆಳಗಿನ ಬಿಂಡಿಗದ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬನ್ನಿ.