ಹಿಮ್ಮಡಿಯ ಹನಿ ರಕ್ತ: ಒಂದು ಕಾಯಿಲೆಗೆಂದು ತೆಗೆದದ್ದು ಎಲ್ಲಿಯವರೆಗೆ ಬಂತು

ಮಗು ಹುಟ್ಟಿದ ಒಂದೆರಡು ದಿನಕ್ಕೆ ಅದರ ಹಿಮ್ಮಡಿ ಚುಚ್ಚಿ ನಾಲ್ಕೈದು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಇಳಿಸಿಕೊಳ್ಳುವ ಪದ್ಧತಿಗೆ ಅರವತ್ತು ವರ್ಷ ದಾಟಿದೆ. ಅದು ಶುರುವಾದದ್ದು ಒಂದೇ ಒಂದು ಆನುವಂಶಿಕ ಕಾಯಿಲೆಯ ಪತ್ತೆಗೆ. ಈಗ ಅದೇ ಕಾಗದದಿಂದ ಹತ್ತಾರು ಕಾಯಿಲೆಗಳನ್ನು ಹುಡುಕುತ್ತಾರೆ. ಪರೀಕ್ಷೆ ಬೆಳೆದಷ್ಟು ಬೇಗ ಫಲಿತಾಂಶ ಬಂದ ಮೇಲೆ ಏನು ಮಾಡಬೇಕೆಂಬ ಸಿದ್ಧತೆ ಬೆಳೆಯಲಿಲ್ಲ. ಈ ತಪಾಸಣೆಯ ಸುತ್ತಲಿನ ತಕರಾರುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿವೆ.

1934ರಲ್ಲಿ ಓಸ್ಲೋದ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಅವರ ಬಳಿಗೆ ತಾಯಿಯೊಬ್ಬರು ಬುದ್ಧಿ ಬೆಳೆಯದ ತಮ್ಮಿಬ್ಬರು ಮಕ್ಕಳನ್ನು ಕರೆತಂದರು. ಮಕ್ಕಳ ಮೈಯಿಂದ ಬರುವ ವಿಚಿತ್ರ ವಾಸನೆಗೆ ಕಾರಣ ಕೇಳಿ ಆಕೆ ಅದಾಗಲೇ ಹಲವು ವೈದ್ಯರ ಬಳಿ ಅಲೆದಿದ್ದರು. ಫೋಲಿಂಗ್ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಅದಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿದಾಗ ಸಿಕ್ಕಿದ್ದು ಫೀನೈಲ್‌ಪೈರುವಿಕ್ ಆಮ್ಲ.

ಮುಂದೆ ಈ ಕಾಯಿಲೆಗೆ ಫೀನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು, ಎಂಬ ಹೆಸರು ಬಂತು. ನಾವು ತಿನ್ನುವ ಪ್ರೋಟೀನಿನಲ್ಲಿರುವ ಫೀನೈಲಲನೈನ್ ಎಂಬ ಅಮೈನೊ ಆಮ್ಲವನ್ನು ಯಕೃತ್ತಿನ ಕಿಣ್ವವೊಂದು ಟೈರೋಸಿನ್ ಆಗಿ ಬದಲಿಸಬೇಕು. ಆ ಕಿಣ್ವದ ಜೀನ್ ಇರುವುದು 12ನೇ ವರ್ಣತಂತುವಿನಲ್ಲಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಗುವಿಗೆ ಕಾಯಿಲೆ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಒಂದೊಂದೇ ಕೆಟ್ಟ ಪ್ರತಿ ಹೊತ್ತವರಾಗಿದ್ದರೆ, ಪ್ರತಿ ಗರ್ಭದಲ್ಲೂ ಆ ಸಾಧ್ಯತೆ ಶೇ 25. ಕಿಣ್ವ ಕೆಲಸ ಮಾಡದಿದ್ದರೆ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂ ಇರಬೇಕಾದ ಫೀನೈಲಲನೈನ್ 20ನ್ನೂ ಮೀರುತ್ತದೆ, ಬೆಳೆಯುತ್ತಿರುವ ಮಿದುಳು ಹಾಳಾಗುತ್ತದೆ.

1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕಲ್ ಮತ್ತು ಸಂಗಡಿಗರು ಇದಕ್ಕೆ ಪಥ್ಯವೊಂದನ್ನು ಕಂಡುಕೊಂಡರು. ಹಾಲಿನ ಕೇಸೀನನ್ನು ಆಮ್ಲದಿಂದ ಒಡೆದು, ಇದ್ದಿಲಿನ ಮೂಲಕ ಹಾಯಿಸಿ ಫೀನೈಲಲನೈನ್ ತೆಗೆದುಹಾಕಿದ ಆಹಾರ ಅದು. ಅದನ್ನು ಸೇವಿಸಿದ ಪುಟ್ಟ ಹುಡುಗಿಯೊಬ್ಬಳು ತಿಂಗಳುಗಳಲ್ಲಿ ಚೇತರಿಸಿಕೊಂಡಳು. ಚೇತರಿಕೆಗೆ ಪಥ್ಯವೇ ಕಾರಣವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ತಾಯಿಗೆ ತಿಳಿಸದೆ ಆ ಆಹಾರಕ್ಕೆ ಮತ್ತೆ ಫೀನೈಲಲನೈನ್ ಬೆರೆಸಿದರು. ಮಗು ಗಳಿಸಿದ್ದನ್ನೆಲ್ಲ ಬೇಗನೆ ಕಳೆದುಕೊಂಡಿತು. 1953ರ ಅವರ ವರದಿಯಲ್ಲೇ ಇದು ದಾಖಲಾಗಿದೆ. ಚಿಕಿತ್ಸೆಯ ಬುನಾದಿಯಾದ ಸಾಕ್ಷ್ಯ ಹೀಗೆ ಒಪ್ಪಿಗೆಯಿಲ್ಲದೆ ಸಿಕ್ಕಿತು ಎಂಬುದನ್ನು ಮರೆಮಾಚಬಾರದು.

ಪಥ್ಯ ಫಲ ಕೊಡಬೇಕಾದರೆ ಲಕ್ಷಣ ಕಾಣಿಸಿಕೊಳ್ಳುವ ಮೊದಲೇ, ಹುಟ್ಟಿದ ಮೊದಲ ವಾರಗಳಲ್ಲೇ ಅದು ಶುರುವಾಗಬೇಕು. ಮೂತ್ರದ ಪರೀಕ್ಷೆ ಅಷ್ಟು ಬೇಗ ನಂಬಿಕೆಗೆ ಅರ್ಹವಲ್ಲ. ಅಮೆರಿಕದ ಬಫಲೋ ನಗರದ ರಾಬರ್ಟ್ ಗತ್ರೀ ಈ ಗಂಟನ್ನು ಬ್ಯಾಕ್ಟೀರಿಯಾದಿಂದ ಬಿಡಿಸಿದರು. ಬ್ಯಾಸಿಲಸ್ ಸಬ್ಟಿಲಿಸ್ ಬೆಳೆಯದಂತೆ ತಡೆಯುವ ರಾಸಾಯನಿಕವೊಂದನ್ನು ಅಗಾರ್ ತಟ್ಟೆಯಲ್ಲಿ ಬೆರೆಸಿ, ಅದರ ಮೇಲೆ ರಕ್ತ ಒಣಗಿದ ಕಾಗದದ ಚಿಕ್ಕ ಬಿಲ್ಲೆಗಳನ್ನು ಇಟ್ಟರು. ರಕ್ತದಲ್ಲಿ ಫೀನೈಲಲನೈನ್ ಹೆಚ್ಚಿದ್ದರೆ ಆ ತಡೆ ಸೋಲುತ್ತದೆ, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬಳೆಯಂತೆ ಬೆಳೆಯುತ್ತದೆ. ಬಳೆಯ ಅಗಲ ಅಳೆದರೆ ಪ್ರಮಾಣವೂ ತಿಳಿಯುತ್ತದೆ. ಖರ್ಚು ಅತ್ಯಲ್ಪ, ಕಾಗದವನ್ನು ಅಂಚೆಯಲ್ಲೇ ಕಳಿಸಬಹುದು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಈ ಪರೀಕ್ಷೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿತು. ಉಳಿದ ರಾಜ್ಯಗಳೂ ದೇಶಗಳೂ ಒಂದೊಂದಾಗಿ ಹಿಂಬಾಲಿಸಿದವು.

ಅವಸರದ ಬೆಲೆಯನ್ನು ಕೆಲವು ಮಕ್ಕಳು ತೆತ್ತರು. ಫೀನೈಲಲನೈನ್ ತುಸು ಮಾತ್ರ ಏರಿದ್ದು, ಚಿಕಿತ್ಸೆಯೇ ಬೇಕಿಲ್ಲದ ಶಿಶುಗಳಿಗೂ ಕಟ್ಟುನಿಟ್ಟಾದ ಪಥ್ಯ ಹೇರಲಾಯಿತು. ಈ ಅಮೈನೊ ಆಮ್ಲವನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಅದನ್ನು ಪೂರ್ತಿ ನಿಲ್ಲಿಸಿದರೆ ಮಗುವಿನ ಬೆಳವಣಿಗೆಯೇ ಕುಂಠಿತ. ಗುರಿ ಇರುವುದು ಸೊನ್ನೆಯಲ್ಲಲ್ಲ, ಡೆಸಿಲೀಟರಿಗೆ 2ರಿಂದ 6 ಮಿಲಿಗ್ರಾಂ ನಡುವೆ, ಪದೇ ಪದೇ ರಕ್ತ ಅಳೆದು.

ಇನ್ನೊಂದು ಪೆಟ್ಟು ತಡವಾಗಿ ಬಿತ್ತು. ಮಿದುಳು ಬೆಳೆದಾಯಿತು ಎಂದು ಐದಾರು ವರ್ಷಕ್ಕೇ ಪಥ್ಯ ನಿಲ್ಲಿಸುತ್ತಿದ್ದ ಕಾಲವದು. ಹಾಗೆ ಬದುಕುಳಿದ ಹುಡುಗಿಯರು ಬೆಳೆದು ಗರ್ಭಿಣಿಯರಾದಾಗ, ಅವರ ರಕ್ತದಲ್ಲಿ ಮತ್ತೆ ಏರಿದ್ದ ಫೀನೈಲಲನೈನ್ ಮಾಸನ್ನು ದಾಟಿ ಭ್ರೂಣವನ್ನು ಹಾಳುಮಾಡಿತು. ಕಾಯಿಲೆಯೇ ಇಲ್ಲದ, ಬರಿಯ ವಾಹಕರಾದ ಮಕ್ಕಳು ಚಿಕ್ಕ ತಲೆ, ಹೃದಯದೋಷಗಳೊಂದಿಗೆ ಹುಟ್ಟಿದರು. 1980ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತಾಯಿಯ ಮಟ್ಟ 20 ಮಿಲಿಗ್ರಾಂ ಮೀರಿದ್ದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬೌದ್ಧಿಕ ನ್ಯೂನತೆ ಇದ್ದುದನ್ನು ತೋರಿಸಿತು. ಪಥ್ಯ ಬದುಕಿಡೀ ಇರಬೇಕು, ಗರ್ಭ ಧರಿಸುವ ಮೊದಲೇ ಮಟ್ಟ ಹತೋಟಿಗೆ ಬಂದಿರಬೇಕು ಎಂಬ ಈಗಿನ ನಿಯಮ ಆ ಮಕ್ಕಳಿಂದ ಕಲಿತದ್ದು.

ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿರಲಿ, ಮಾದರಿ ಕೆಟ್ಟರೆ ಎಲ್ಲವೂ ಕೆಟ್ಟಿತು. ಹುಟ್ಟಿ 24 ಗಂಟೆ ತುಂಬುವ ಮೊದಲೇ ರಕ್ತ ತೆಗೆದರೆ ಫೀನೈಲಲನೈನ್ ಇನ್ನೂ ಏರಿರುವುದಿಲ್ಲ, ಕಾಯಿಲೆ ಕಣ್ತಪ್ಪಬಹುದು. ಚುಚ್ಚಬೇಕಾದದ್ದು ಹಿಮ್ಮಡಿಯ ತಳದಲ್ಲಿ ಒಳ ಅಥವಾ ಹೊರ ಅಂಚಿಗೆ, 2 ಮಿಲಿಮೀಟರಿಗಿಂತ ಆಳವಾಗದಂತೆ. ನಡುವೆ ಚುಚ್ಚಿದರೆ ಮೂಳೆಗೆ ತಾಗುವ ಅಪಾಯವಿದೆ. ಒರೆಸಿದ ಸ್ಪಿರಿಟ್ ಆರಬೇಕು, ಮೊದಲ ಹನಿಯನ್ನು ಒರೆಸಿ ತೆಗೆಯಬೇಕು. ಆಮೇಲೆ ಒಂದೇ ದೊಡ್ಡ ಹನಿ ಕಾಗದದ ಒಂದು ಬದಿಯಿಂದ ಹೀರಿಕೊಂಡು ವೃತ್ತವನ್ನು ತುಂಬಬೇಕು. ಒಂದರ ಮೇಲೊಂದು ಹನಿ ಬಿಟ್ಟರೆ ಲೆಕ್ಕ ಸುಳ್ಳೇ ಹೆಚ್ಚುತ್ತದೆ. ಹಿಮ್ಮಡಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತದೆ. ಕಾಗದವನ್ನು ಮಟ್ಟಸವಾಗಿಟ್ಟು, ಬಿಸಿಲು ತಾಗಿಸದೆ, ಕನಿಷ್ಠ ಮೂರು ಗಂಟೆ ಒಣಗಿಸಬೇಕು. ಹಸಿಯಾಗಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮಾದರಿ ಮುಗ್ಗುತ್ತದೆ.

ಯಾವ ಕಾಯಿಲೆಗೆ ಹೀಗೆ ಸಾಮೂಹಿಕ ತಪಾಸಣೆ ತಕ್ಕುದು ಎಂಬುದಕ್ಕೆ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಹತ್ತು ಸೂತ್ರ ಬರೆದುಕೊಟ್ಟರು. ಒಪ್ಪಿತ ಚಿಕಿತ್ಸೆ ಇರಬೇಕು, ಅದನ್ನು ಕೊಡುವ ವ್ಯವಸ್ಥೆ ಇರಬೇಕು ಎಂಬವು ಅದರ ಜೀವಾಳ. 1990ರ ದಶಕದಲ್ಲಿ ಬಂದ, ಅಣುಗಳನ್ನು ತೂಕದಿಂದ ಗುರುತಿಸುವ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ಈ ಸೂತ್ರಗಳ ಮೇಲೆ ಒತ್ತಡ ಹೇರಿತು. ಸುಮಾರು 3 ಮಿಲಿಮೀಟರ್ ಅಗಲದ ಒಂದು ಬಿಲ್ಲೆ, ಎರಡು ಮೂರು ನಿಮಿಷ, ಹತ್ತಾರು ಕಾಯಿಲೆಗಳ ಸುಳಿವು. ಯಂತ್ರ ಹೇಗೂ ಅಳೆಯುತ್ತದೆ, ಸೇರಿಸಿಬಿಡೋಣ ಎಂಬ ಮನೋಭಾವ ಬೆಳೆಯಿತು.

ಇಲ್ಲಿ ಒಂದು ಲೆಕ್ಕ ನೋಡಬೇಕು. ಹತ್ತು ಸಾವಿರಕ್ಕೊಂದು ಮಗುವಿಗೆ ಬರುವ ಕಾಯಿಲೆ, ಆರೋಗ್ಯವಂತರಲ್ಲಿ ಸಾವಿರಕ್ಕೊಮ್ಮೆ ಮಾತ್ರ ತಪ್ಪುವ ಪರೀಕ್ಷೆ ಎಂದುಕೊಳ್ಳಿ. ಒಂದು ಲಕ್ಷ ಶಿಶುಗಳಲ್ಲಿ ನಿಜವಾಗಿ ಕಾಯಿಲೆ ಇರುವವರು 10, ಸುಳ್ಳು ಎಚ್ಚರಿಕೆ ಸಿಗುವವರು ಸುಮಾರು 100. ಹತ್ತು ಕಾಯಿಲೆ ಸೇರಿಸಿದರೆ 100 ಇದ್ದ ಸುಳ್ಳು ಎಚ್ಚರಿಕೆ 1,000ದ ಹತ್ತಿರ ಹೋಗುತ್ತದೆ. ಪ್ರತಿಯೊಂದರ ಹಿಂದೆಯೂ ಮರುಪರೀಕ್ಷೆಯ ಫಲಿತಾಂಶ ಬರುವವರೆಗೆ ನಿದ್ದೆಗೆಟ್ಟ ಮನೆಯೊಂದಿದೆ. ಫೀನೈಲಲನೈನನ್ನು ಟೈರೋಸಿನ್‌ಗೆ ಹೋಲಿಸಿ ಅನುಪಾತ ನೋಡುವಂಥ ಉಪಾಯಗಳಿಂದ ತಪ್ಪು ಬಹಳ ಇಳಿದಿದೆ, ನಿಜ.

ಚಿಕಿತ್ಸೆ ಇಲ್ಲದಲ್ಲಿ ಪ್ರಶ್ನೆ ಇನ್ನೂ ಗಡುಸು. ವೇಲ್ಸ್‌ನಲ್ಲಿ 1990ರಿಂದ 2011ರವರೆಗೆ ಗಂಡುಶಿಶುಗಳಿಗೆ ಡುಶೆನ್ ಸ್ನಾಯುಕ್ಷಯದ ತಪಾಸಣೆ ನಡೆಯಿತು. ಕಾಯಿಲೆ ತಡೆಯುವ ಔಷಧ ಇರಲಿಲ್ಲ. ತಂದೆತಾಯಿಗೆ ಮುಂದಿನ ಗರ್ಭದ ಬಗ್ಗೆ ಯೋಚಿಸಲು ಅವಕಾಶ ಸಿಗುತ್ತದೆ ಎಂಬುದೇ ದೊಡ್ಡ ಸಮರ್ಥನೆಯಾಗಿತ್ತು. ಬೆನ್ನುಹುರಿಯ ನರಕೋಶಗಳು ಸತ್ತು ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯ ಕತೆ ಬೇರೆ. 2016ರಲ್ಲಿ ಅದರ ಔಷಧ ನ್ಯೂಸಿನರ್ಸೆನ್‌ಗೆ ಅನುಮತಿ ಸಿಕ್ಕಿದ್ದೇ, 2018ರಲ್ಲಿ ಅಮೆರಿಕ ಈ ಕಾಯಿಲೆಯನ್ನು ಶಿಫಾರಸು ಪಟ್ಟಿಗೆ ಸೇರಿಸಿತು. ಅದೇ ಒಣಗಿದ ರಕ್ತದಿಂದ ಡಿಎನ್‌ಎ ತೆಗೆದು, ಎಸ್‌ಎಂಎನ್1 ಜೀನಿನ 7ನೇ ಎಕ್ಸಾನ್ ಎಂಬ ತುಣುಕು ಇಲ್ಲದಿರುವುದನ್ನು ನೋಡುತ್ತಾರೆ. ನರಕೋಶ ಸಾಯುವ ಮೊದಲೇ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹಲವರು ನಡೆಯುತ್ತಿದ್ದಾರೆ.

ಪರೀಕ್ಷೆ ಮುಗಿದ ಮೇಲೆ ಉಳಿದ ಕಾಗದ ಏನಾಯಿತು? ಅನೇಕ ಕಡೆ ಅದನ್ನು ಎತ್ತಿಟ್ಟರು. 2003ರಲ್ಲಿ ಸ್ವೀಡನ್ನಿನ ವಿದೇಶಾಂಗ ಸಚಿವೆ ಆನಾ ಲಿಂಡ್ ಕೊಲೆಯಾದಾಗ, ಶಂಕಿತನ ಗುರುತಿಗೆ ಪೊಲೀಸರು ಬಳಸಿದ್ದು ಪಿಕೆಯು ತಪಾಸಣೆಯ ಭಂಡಾರದಲ್ಲಿದ್ದ ಅವನ ಶೈಶವದ ರಕ್ತ. ಟೆಕ್ಸಾಸ್‌ನಲ್ಲಿ ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಾದರಿಗಳನ್ನು ಇಟ್ಟುಕೊಂಡದ್ದರ ವಿರುದ್ಧ ಮೊಕದ್ದಮೆ ನಡೆದು, 50 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ನಾಶಮಾಡಲು ರಾಜ್ಯ ಒಪ್ಪಬೇಕಾಯಿತು. ಸಂಶೋಧನೆಗೆ ಅದು ದೊಡ್ಡ ನಷ್ಟ. ಆದರೂ ತಪ್ಪು ಕೇಳದೆ ಇಟ್ಟುಕೊಂಡವರದ್ದು. ಮೊದಲೇ ಕೇಳಿದ್ದರೆ ಬಹಳಷ್ಟು ಮಂದಿ ಒಪ್ಪುತ್ತಿದ್ದರು ಎಂದೇ ನನ್ನ ನಂಬಿಕೆ.

ಈಗ ಇಂಗ್ಲೆಂಡಿನಲ್ಲಿ ಒಂದು ಲಕ್ಷ ನವಜಾತ ಶಿಶುಗಳ ಇಡೀ ಜೀನೋಮ್ ಓದುವ ಅಧ್ಯಯನ ನಡೆಯುತ್ತಿದೆ. ಅಲ್ಲಿ ರಕ್ತವನ್ನು ಸಾಮಾನ್ಯವಾಗಿ ಹೊಕ್ಕುಳಬಳ್ಳಿಯಿಂದ ತೆಗೆಯುತ್ತಾರೆ. ಬಾಲ್ಯದಲ್ಲೇ ತೋರಿಬರುವ, ಏನಾದರೂ ಮಾಡಬಹುದಾದ ಇನ್ನೂರಕ್ಕೂ ಹೆಚ್ಚು ಕಾಯಿಲೆಗಳ ಬಗ್ಗೆ ಮಾತ್ರ ಪೋಷಕರಿಗೆ ತಿಳಿಸುತ್ತಾರೆ. ನಲವತ್ತರಲ್ಲಿ ಬರಬಹುದಾದ ಕ್ಯಾನ್ಸರಿನ ಸುಳಿವು ಜೀನೋಮಿನಲ್ಲಿದ್ದರೂ ಅದನ್ನು ಹೇಳುವುದಿಲ್ಲ. ಅದನ್ನು ತಿಳಿಯಬೇಕೋ ಬೇಡವೋ ಎಂಬುದು ಬೆಳೆದ ಮೇಲೆ ಆ ವ್ಯಕ್ತಿಯೇ ಮಾಡಬೇಕಾದ ನಿರ್ಧಾರ, ಆದ್ದರಿಂದ ಈ ಗೆರೆ ಸರಿ. ದತ್ತಾಂಶ ಮುಂದೆಯೂ ಇರಬೇಕೇ ಎಂದು 16 ತುಂಬಿದಾಗ ಆ ಮಗುವನ್ನೇ ಕೇಳುವ ಏರ್ಪಾಡೂ ಇದೆ.