ಕಣಜದ ಮನೆಯೊಳಗೊಂದು ಕಣಜ

ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಮತ್ತೆ ಹೆಬ್ಬೆರಳಷ್ಟು ಮಣ್ಣಿನ ಉಂಡೆ, ಕಣಜದ ಗೂಡು. ಬೇಸಿಗೆ ಬಂತು ಅಂದರೆ ಇದು ಇದ್ದಿದ್ದೇ. ಮನೆಯವರು ಸ್ಪ್ರೇ ಹುಡುಕುತ್ತಾರೆ, ನಾನು ಅಡ್ಡ ನಿಲ್ಲುತ್ತೇನೆ.

ಭ್ರಮರ-ಕೀಟ ನ್ಯಾಯ ಕೇಳಿರುತ್ತೀರಿ. ಕಣಜ ಒಂದು ಹುಳವನ್ನು ಗೂಡಿನಲ್ಲಿ ಕೂಡಿಹಾಕಿ ಗುಂಯ್‌ಗುಡುತ್ತದೆ, ಹುಳ ಹೆದರಿ ಅದನ್ನೇ ಧ್ಯಾನಿಸುತ್ತಾ ಕೊನೆಗೆ ತಾನೇ ಕಣಜವಾಗಿಬಿಡುತ್ತದೆ ಅಂತ. ಉಪಮೆಯಾಗಿ ಸೊಗಸು. ಆದರೆ ಇದನ್ನು ನಿಜವೆಂದೇ ಹೇಳುವವರು ಇನ್ನೂ ಸಿಗುತ್ತಾರಲ್ಲ, ಅದಕ್ಕೆ ನನಗೆ ತಳಮಳ. ಹಳಬರೇನು ದಡ್ಡರಲ್ಲ. ಹುಳ ಒಳಗೆ ಹೋದದ್ದು ನಿಜ, ಸದ್ದು ಬಂದದ್ದು ನಿಜ, ಕೆಲವು ವಾರದ ಮೇಲೆ ಕಣಜ ಹೊರಬಂದದ್ದೂ ನಿಜ. ಗೂಡು ಒಡೆದು ನೋಡುವುದೊಂದು ಬಾಕಿಯಿತ್ತು.

ಒಂದು ಸಲ ನಾನು ಒಡೆದೆ. ಒಂದೇ ಕೋಣೆಯಲ್ಲಿ 11 ಜೇಡ, ಬಸ್ಸಿನಲ್ಲಿ ಜನ ತುಂಬಿದ ಹಾಗೆ. ಸೂಜಿಮೊನೆ ತಾಗಿಸಿದರೆ ಒಂದರ ಕಾಲು ಮೆಲ್ಲಗೆ ಅದುರಿತು. ಸತ್ತಿರಲಿಲ್ಲ! ಕಣಜದ ವಿಷ ನರಗಳನ್ನು ಹಿಡಿದು ಜೇಡವನ್ನು ಅಲ್ಲಾಡದಂತೆ ಮಾಡುತ್ತದೆ, ಜೀವ ತೆಗೆಯುವುದಿಲ್ಲ. ಸತ್ತರೆ ಕೊಳೆಯುತ್ತದೆ, ಬದುಕಿದ್ದರೆ ತಾಜಾ ಇರುತ್ತದೆ. ಕರೆಂಟಿಲ್ಲದ ಫ್ರಿಜ್ ಅನ್ನಿ. ಒಂದು ಜೇಡದ ಮೇಲೆ ಮೊಟ್ಟೆ ಇಟ್ಟು ಬಾಗಿಲು ಮೆತ್ತಿದರೆ ತಾಯಿಯ ಕೆಲಸ ಮುಗಿಯಿತು. ಮರಿ ಇವನ್ನೇ ತಿಂದು ಬೆಳೆದು, ಗೋಡೆ ಕೊರೆದು ಹಾರುತ್ತದೆ. ಕೆಲವು ಜಾತಿಗಳು ಜೇಡದ ಬದಲು ಕಂಬಳಿಹುಳದಂಥವನ್ನು ತುಂಬುತ್ತವೆ. ಕಣಜ ಅಂದರೆ ಕಾಳು ತುಂಬಿಡುವ ಜಾಗವೂ ಹೌದಲ್ವಾ? ಹೆಸರು ಎಷ್ಟು ಸರಿಯಾಗಿ ಕೂತಿದೆ ನೋಡಿ.

ಇನ್ನು ಆ ಗುಂಯ್ ಸದ್ದು. ಅದು ಮಂತ್ರೋಪದೇಶವಲ್ಲ, ಗಾರೆ ಕೆಲಸ. ಒದ್ದೆ ಮಣ್ಣು ಮೆತ್ತುವಾಗ ಕಣಜ ಮೈ ನಡುಗಿಸುತ್ತದೆ. ಆ ಅದುರುವಿಕೆಗೆ ಮಣ್ಣು ಸಡಿಲವಾಗಿ ಹರಿದು ಸಂದಿ ತುಂಬುತ್ತದೆ. ತಾರಸಿ ಹಾಕುವಾಗ ಕಾಂಕ್ರೀಟಿಗೆ ವೈಬ್ರೇಟರ್ ಇಳಿಸುವುದು ಇದಕ್ಕೇ. ಸಮುದ್ರದಂಚಿನ ಒದ್ದೆ ಮರಳಿನಲ್ಲಿ ಪಾದ ಕುಲುಕಿಸುತ್ತಾ ನಿಂತರೆ ಮರಳು ನೀರಾಗಿ ಕಾಲು ಇಳಿಯುವುದೂ ಹೀಗೇ. ಡಬ್ಬಿ ಕುಲುಕಿದರೆ ಇನ್ನೊಂದು ಹಿಡಿ ಅಕ್ಕಿ ಹಿಡಿಸುವುದಿಲ್ಲವೇ, ಹೆಚ್ಚುಕಮ್ಮಿ ಹಾಗೆ.

ಮಣ್ಣಿನ ಗೂಡಿಗೆ ಕಾವಲಿಲ್ಲ. ತಾಯಿ ಒಂಟಿ, ಸುಮ್ನೆ ಬಂದು ಕಚ್ಚುವವಳಲ್ಲ. ಉಂಡೆಯಲ್ಲಿ ದುಂಡನೆ ತೂತು ಬಿದ್ದ ಮೇಲೆ ಕೆರೆದು ತೆಗೆದರಾಯಿತು.

ಸೂರಿನಡಿ ತಲೆಕೆಳಗಾದ ಕೊಡೆಯಂತೆ ನೇತಾಡುವ ಬೂದು ಗೂಡು ಇನ್ನೊಂದು ಜಾತಿಯ ಕಣಜದ್ದು, ಅದು ಬೇರೆ ಲೆಕ್ಕ. ಮರದ ನಾರನ್ನು ಜೊಲ್ಲಿನಲ್ಲಿ ಅಗಿದು ಮಾಡಿದ ಕಾಗದ ಅದು. ಯುರೋಪಿನವರು ಚಿಂದಿ ಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ವಿಜ್ಞಾನಿ ರೇಯೋಮ್ಯೂರ್ ಇಂಥ ಗೂಡು ನೋಡಿಯೇ ಮರದಿಂದಲೂ ಕಾಗದ ಮಾಡಬಹುದು ಅಂದಿದ್ದ. ಅದಿರಲಿ. ಇಲ್ಲಿರುವುದು ಇಡೀ ಸಂಸಾರ. ಗೂಡಿನ ಹತ್ತಿರ ಒಂದನ್ನು ಹೊಡೆದರೆ ಅದರ ವಿಷದ ವಾಸನೆಗೇ ಉಳಿದವು ಎದ್ದು ಬರಬಹುದು. ಕೋಲು, ಬೆಂಕಿ, ಸೀಮೆಎಣ್ಣೆ ಬೇಡ. ಜನ ಓಡಾಡುವ ಜಾಗದಲ್ಲಿದ್ದರೆ ತೆಗೆಯಲು ಬಲ್ಲವರನ್ನು ಕರೆಯಿರಿ.

ಕಚ್ಚಿದರೆ? ಜೇನಿನದು ಆಮ್ಲ, ಅಡುಗೆ ಸೋಡಾ ಹಚ್ಚಿ; ಕಣಜದ್ದು ಕ್ಷಾರ, ವಿನೆಗರ್ ಹಚ್ಚಿ ಅನ್ನುವುದು ಇನ್ನೊಂದು ಕಟ್ಟುಕಥೆ. ನೋವು ವಿಷದಲ್ಲಿರುವ ಪ್ರೋಟೀನಿನಂಥ ವಸ್ತುಗಳಿಂದ, ಅದೂ ಚರ್ಮದ ಒಳಗೆ. ಮೇಲೆ ಸವರಿದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ. ತೊಳೆದು ತಣ್ಣೀರು ಪಟ್ಟಿ ಇಡಿ. ಉಸಿರು ಕಟ್ಟಿದರೆ, ಮುಖ ಗಂಟಲು ಊದಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ನಮ್ಮ ಕಿಟಕಿಯ ಉಂಡೆಗೆ ಇನ್ನೂ ತೂತು ಬಿದ್ದಿಲ್ಲ. ಆ ಕಿಟಕಿ ತೆರೆಯದೆ 2 ವಾರವಾಯಿತು. ಸೆಕೆ ಜಾಸ್ತಿಯಾಗಿದೆ, ಮನೆಯವರ ಗೊಣಗಾಟವೂ.